ಸಿರಾ ಮತ್ತು ಓಕ್ ಪೀಪಾಯಿ: ರೋನ್ ಕಣಿವೆಯ ಒಂದು ಕೆಂಪು ವೈನಿನ ಚರಿತ್ರೆ

ಆಗ್ನೇಯ ಫ್ರಾನ್ಸಿನ ರೋನ್ ಕಣಿವೆಯ ಉತ್ತರ ಭಾಗದಲ್ಲಿ ಕೆಂಪು ವೈನಿಗೆಂದು ಬೆಳೆಯುವ ಕಪ್ಪು ದ್ರಾಕ್ಷಿ ಒಂದೇ, ಸಿರಾ. ವಿಯೆನ್ ಪಟ್ಟಣದಿಂದ ವಾಲೆನ್ಸ್‌ವರೆಗೆ ನದಿಯ ಎರಡೂ ದಂಡೆಗಳಲ್ಲಿ ಎದ್ದುನಿಂತ ಕಲ್ಲುಗುಡ್ಡಗಳ ಇಳಿಜಾರಿನಲ್ಲಿ, ಕೈಯಿಂದ ಕಟ್ಟಿದ ಒಣಗೋಡೆಗಳ ತಾಕುಗಳಲ್ಲಿ ಇದರ ಬಳ್ಳಿಗಳು ಬೇರುಬಿಟ್ಟಿವೆ. ಆಸ್ಟ್ರೇಲಿಯದಲ್ಲಿಯೂ ಭಾರತದಲ್ಲಿಯೂ ಇದೇ ದ್ರಾಕ್ಷಿಗೆ ಶಿರಾಜ್ ಎಂಬ ಹೆಸರು ಬಳಕೆಯಲ್ಲಿದೆ.

ಇದರ ಮೂಲದ ಬಗ್ಗೆ ಹುಟ್ಟಿದ ಕಥೆಗಳು ಒಂದೆರಡಲ್ಲ. ಪರ್ಷಿಯದ ಶಿರಾಜ್ ನಗರದಿಂದ ಬಂತೆಂದು ಕೆಲವರು ಹೇಳಿದರೆ, ಸಿಸಿಲಿಯ ಸಿರಾಕ್ಯೂಸ್‌ನಿಂದ ರೋಮನ್ ಚಕ್ರವರ್ತಿ ಪ್ರೋಬಸ್‌ನ ಸೈನಿಕರು ತಂದರೆಂದು ಇನ್ನು ಕೆಲವರು ಹೇಳಿದರು. ತಾಂ ಪಟ್ಟಣದ ಮೇಲಿರುವ ಎರ್ಮಿತಾಜ್ ಗುಡ್ಡಕ್ಕೆ ಇನ್ನೊಂದು ಕಥೆ ಅಂಟಿಕೊಂಡಿದೆ. ಧರ್ಮಯುದ್ಧದಲ್ಲಿ ಗಾಯಗೊಂಡು ಬೇಸತ್ತ ಗಾಸ್ಪಾರ್ ದ ಸ್ಟೆರಿಂಬೆರ್ಗ್ ಎಂಬ ಯೋಧ 1224ರಲ್ಲಿ ರಾಣಿಯ ಅಪ್ಪಣೆ ಪಡೆದು ಗುಡ್ಡದ ನೆತ್ತಿಯಲ್ಲಿ ಆಶ್ರಮ ಕಟ್ಟಿಕೊಂಡು ದ್ರಾಕ್ಷಿ ನೆಟ್ಟನಂತೆ. ಆ ನೆತ್ತಿಯ ಪುಟ್ಟ ಚರ್ಚು ಇಂದಿಗೂ ಊರಿನ ಗುರುತು. ಆದರೆ ದ್ರಾಕ್ಷಿಯ ವಂಶದ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಪ್ರಯೋಗಾಲಯದಲ್ಲಿ. 1998ರಲ್ಲಿ ಕ್ಯಾಲಿಫೋರ್ನಿಯದ ಡೇವಿಸ್ ವಿಶ್ವವಿದ್ಯಾಲಯದ ಕ್ಯಾರೊಲ್ ಮೆರಿಡಿತ್ ಮತ್ತು ಫ್ರಾನ್ಸಿನ ಮೋಂಪೆಲಿಯೆಯ ಸಂಶೋಧಕರು ನಡೆಸಿದ ಡಿಎನ್ಎ ಪರೀಕ್ಷೆ, ಆರ್ದೆಶ್ ಪ್ರದೇಶದ ದುರೆಜಾ ಎಂಬ ಕಪ್ಪು ದ್ರಾಕ್ಷಿ ಹಾಗೂ ಸಾವ್ವಾ ಪ್ರದೇಶದ ಮೊಂದೂಜ್ ಬ್ಲಾಂಷ್ ಎಂಬ ಬಿಳಿ ದ್ರಾಕ್ಷಿ ಇವುಗಳ ಸಂಕರದಿಂದ ಸಿರಾ ಹುಟ್ಟಿತೆಂದು ತೋರಿಸಿತು. ಎರಡೂ ಆಗ್ನೇಯ ಫ್ರಾನ್ಸಿನವೇ ಆದ ತಳಿಗಳು. ಪರ್ಷಿಯಕ್ಕೂ ಸಿರಾಕ್ಯೂಸ್‌ಗೂ ಈ ವಂಶದಲ್ಲಿ ಪಾಲಿಲ್ಲ.

ಎರ್ಮಿತಾಜ್ ಗುಡ್ಡದಲ್ಲಿ ಬಳ್ಳಿ ಬೆಳೆಯುವ ನೆಲ ಸುಮಾರು 136 ಹೆಕ್ಟೇರ್ ಮಾತ್ರ. ಇಷ್ಟು ಕಿರಿದಾದ ನೆಲದ ವೈನು ಹದಿನೆಂಟನೆಯ ಶತಮಾನದ ಹೊತ್ತಿಗೆ ಯೂರೋಪಿನ ಅತ್ಯಂತ ಬೆಲೆಬಾಳುವ ಕೆಂಪು ವೈನುಗಳ ಸಾಲಿನಲ್ಲಿತ್ತು. ಅಮೆರಿಕದ ಥಾಮಸ್ ಜೆಫರ್ಸನ್ 1787ರ ಫ್ರಾನ್ಸ್ ಪ್ರವಾಸದಲ್ಲಿ ಈ ಗುಡ್ಡವನ್ನು ನೋಡಲೆಂದೇ ತಾಂನಲ್ಲಿ ಇಳಿದಿದ್ದ. ಫ್ರಾನ್ಸಿನ ಇನ್ನೊಂದು ವೈನ್ ಸೀಮೆಯಾದ ಬೋರ್ದೊದ ವರ್ತಕರಿಗಂತೂ ಇದು ಬೇಕೇಬೇಕಾದ ಸರಕಾಗಿತ್ತು. ಮಳೆ ಹೆಚ್ಚಾದ ವರ್ಷಗಳಲ್ಲಿ ಬೋರ್ದೊದ ವೈನು ಬಣ್ಣಗೆಟ್ಟು ತೆಳ್ಳಗಾದಾಗ, ರೋನ್ ಕಡೆಯಿಂದ ತರಿಸಿದ ದಟ್ಟ ಸಿರಾವನ್ನು ಅದಕ್ಕೆ ಬೆರೆಸಿ ಇಂಗ್ಲೆಂಡಿಗೆ ಸಾಗಿಸುತ್ತಿದ್ದರು. ಲಾಫೀತ್‌ನಂತಹ ಹೆಸರಾಂತ ತೋಟದ ವೈನಿಗೂ ಈ ಬೆರಕೆ ತಪ್ಪಿರಲಿಲ್ಲ. ಅಂದಿನ ಗಿರಾಕಿಗಳು ಬೆರೆಸಿದ ವೈನಿಗೇ ಹೆಚ್ಚು ಬೆಲೆ ಕೊಡುತ್ತಿದ್ದರು. ಊರಿನ ಹೆಸರಿಗೆ ಕಾನೂನಿನ ಕಾವಲು ಬಂದ ಮೇಲೆ ಈ ಪದ್ಧತಿಗೆ ಎಡೆಯಿಲ್ಲವಾಯಿತು. ಎರ್ಮಿತಾಜ್‌ಗೆ 1937ರಲ್ಲಿ, ಅದೇ ಕಣಿವೆಯ ಇನ್ನೆರಡು ವೈನ್ ಸೀಮೆಗಳಾದ ಕೊರ್ನಾಸ್‌ಗೆ 1938ರಲ್ಲಿ, ಕೋತ್-ರೋತಿಗೆ 1940ರಲ್ಲಿ ಆ ರಕ್ಷಣೆ ದೊರೆಯಿತು.

ಆ ಕಾಲದ ಸಿರಾಕ್ಕೂ ಮರಕ್ಕೂ ಸಂಬಂಧವಿತ್ತು, ಆದರೆ ಆ ಸಂಬಂಧ ಬೇರೆ ಬಗೆಯದು. ಮರದ ಪೀಪಾಯಿ ಗಾಲ್ ಜನರಿಂದ ರೋಮನ್ನರಿಗೆ ದಾಟಿದ ವಸ್ತು. ಮಣ್ಣಿನ ಆಂಫೊರಾಗಳಿಗಿಂತ ಹಗುರ, ಉರುಳಿಸಿದರೆ ಉರುಳುತ್ತದೆ, ಬಿದ್ದರೆ ಒಡೆಯುವುದಿಲ್ಲ. ಹೀಗೆ ಸಾಗಣೆಯ ಅನುಕೂಲಕ್ಕೆ ಬಂದ ಪೀಪಾಯಿ ಶತಮಾನಗಳ ಕಾಲ ಬರೀ ಪಾತ್ರೆಯಾಗಿಯೇ ಉಳಿಯಿತು. ರೋನ್ ತೀರದ ರೈತರ ನೆಲಮಾಳಿಗೆಗಳಲ್ಲಿ ಇರುತ್ತಿದ್ದುದು ಸಾವಿರಾರು ಲೀಟರ್ ಹಿಡಿಯುವ ಫೂದ್ರ್ ಎಂಬ ಭಾರಿ ತೊಟ್ಟಿಗಳು, ಸುಮಾರು 600 ಲೀಟರಿನ ದೆಮಿ-ಮ್ವಿಗಳು, ಅಪ್ಪ ಮಗ ಇಬ್ಬರೂ ಬಳಸಿ ಹಳತಾದ ಸಣ್ಣ ಪೀಪಾಯಿಗಳು. ಹತ್ತಾರು ಸುಗ್ಗಿ ಕಂಡ ಮರದಿಂದ ವೈನಿಗೆ ಇಳಿಯುವ ರುಚಿ ಇಲ್ಲವೆನ್ನುವಷ್ಟು ಕಡಿಮೆ. ಹೊಸ ಪೀಪಾಯಿ ಕೊಳ್ಳುವುದು ದುಡ್ಡಿನ ಮಾತಾಗಿತ್ತು, ರೈತರ ಕೈಯಲ್ಲಿ ದುಡ್ಡಿರಲಿಲ್ಲ.

ಬಡತನಕ್ಕೆ ಕಾರಣಗಳಿದ್ದವು. 1860ರ ದಶಕದಲ್ಲಿ ರೋನ್ ನದಿಯ ಕೆಳಭಾಗದಲ್ಲಿ ಕಾಣಿಸಿಕೊಂಡ ಫಿಲೊಕ್ಸೆರ ಎಂಬ ಬೇರುಹೇನು ಫ್ರಾನ್ಸಿನ ತೋಟಗಳನ್ನು ಒಣಗಿಸಿತು. ಅಮೆರಿಕದ ಕಾಡುಬಳ್ಳಿಯ ಬೇರಿಗೆ ಸ್ಥಳೀಯ ತಳಿಯನ್ನು ಕಸಿ ಮಾಡಿ ಮತ್ತೆ ನೆಡಬೇಕಾಯಿತು. ಅದರ ಬೆನ್ನಿಗೇ ಮೊದಲ ಮಹಾಯುದ್ಧ ಹಳ್ಳಿಗಳ ದುಡಿಯುವ ಕೈಗಳನ್ನು ಕಿತ್ತುಕೊಂಡಿತು. ಕೋತ್-ರೋತಿಯ ಇಳಿಜಾರು ಕೆಲವೆಡೆ 60 ಡಿಗ್ರಿಯನ್ನು ಮುಟ್ಟುತ್ತದೆ. ಅಲ್ಲಿ ಕುದುರೆ ಕಾಲಿಡದು, ಟ್ರಾಕ್ಟರ್ ಹತ್ತದು. ಮಳೆಗೆ ಕೊಚ್ಚಿಹೋದ ಮಣ್ಣನ್ನು ಬೆನ್ನ ಮೇಲೆ ಹೊತ್ತು ಮತ್ತೆ ಮೇಲಕ್ಕೆ ಸೇರಿಸಬೇಕು. ಗುಡ್ಡದ ಬುಡದ ಸಮತಟ್ಟು ನೆಲದಲ್ಲಿ ಏಪ್ರಿಕಾಟ್ ಮತ್ತು ತರಕಾರಿ ಬೆಳೆದರೆ ಹೆಚ್ಚು ಕಾಸು ಹುಟ್ಟುತ್ತಿತ್ತು. 1970ರ ದಶಕದ ಆರಂಭದಲ್ಲಿ ಕೋತ್-ರೋತಿಯಲ್ಲಿ ಬಳ್ಳಿಯಿದ್ದ ನೆಲ ನೂರು ಹೆಕ್ಟೇರಿಗೂ ಕಡಿಮೆ. ಒಂದು ಪ್ರಾಚೀನ ಕಸುಬು ಅಳಿಯುವ ಅಂಚಿಗೆ ಬಂದು ನಿಂತಿತ್ತು.

ಸಿರಾವನ್ನು ಹೊಸ ಮರದಲ್ಲಿ ಮಾಗಿಸುವ ಧೈರ್ಯ ಮೊದಲು ಕಂಡದ್ದು ರೋನ್‌ನಲ್ಲಲ್ಲ, ಆಸ್ಟ್ರೇಲಿಯದಲ್ಲಿ. ಜೇಮ್ಸ್ ಬಸ್ಬಿ 1831ರಲ್ಲಿ ಸ್ಪೇನ್ ಮತ್ತು ಫ್ರಾನ್ಸ್ ಸುತ್ತಿ ಸಂಗ್ರಹಿಸಿದ ನೂರಾರು ತಳಿಗಳ ಕಡ್ಡಿಗಳಲ್ಲಿ ಸಿರಾವೂ ಇತ್ತು. ಅದು ಆ ಖಂಡದಲ್ಲಿ ಚೆನ್ನಾಗಿ ಬೇರೂರಿತು. ಪೆನ್‌ಫೋಲ್ಡ್ಸ್ ಸಂಸ್ಥೆಯ ವೈನ್ ತಯಾರಕ ಮ್ಯಾಕ್ಸ್ ಶುಬರ್ಟ್ 1950ರಲ್ಲಿ ಬೋರ್ದೊಗೆ ಹೋಗಿ, ಹಲವು ದಶಕ ಕಳೆದರೂ ಜೀವ ಉಳಿಸಿಕೊಂಡಿದ್ದ ವೈನುಗಳನ್ನು ಸವಿದು ಬೆರಗಾದ. ಆಸ್ಟ್ರೇಲಿಯದಲ್ಲೂ ಅಂಥದೊಂದನ್ನು ಮಾಡಬೇಕೆಂದು ಹೊರಟವನಿಗೆ ಬೋರ್ದೊದ ದ್ರಾಕ್ಷಿಯೂ ಫ್ರೆಂಚ್ ಓಕ್ ಮರವೂ ಬೇಕಾದಷ್ಟು ಸಿಗಲಿಲ್ಲ. ಇದ್ದ ಶಿರಾಜ್ ಹಣ್ಣನ್ನೇ ಆಯ್ದು, ಹೊಸ ಅಮೆರಿಕನ್ ಓಕ್ ಪೀಪಾಯಿಗಳಲ್ಲಿ 1951ರಲ್ಲಿ ಮೊದಲ ಗ್ರೇಂಜ್ ವೈನನ್ನು ತಯಾರಿಸಿದ. ರುಚಿ ನೋಡಿದ ತಜ್ಞರು ಛೀಮಾರಿ ಹಾಕಿದರು. 1957ರಲ್ಲಿ ಆಡಳಿತ ಮಂಡಳಿ ತಯಾರಿಕೆ ನಿಲ್ಲಿಸಲು ಆಜ್ಞೆ ಮಾಡಿತು. ಶುಬರ್ಟ್ ಮೂರು ವರ್ಷ ಗುಟ್ಟಾಗಿ ಕೆಲಸ ಮುಂದುವರಿಸಿದ. ಅಷ್ಟರಲ್ಲಿ ಮೊದಲ ಸೀಸೆಗಳು ಮಾಗಿದ್ದವು, 1960ರಲ್ಲಿ ಆಜ್ಞೆ ಹಿಂದಕ್ಕೆ ಹೋಯಿತು. ಕಾಲವೇ ಈ ವೈನಿನ ಪರ ವಾದಿಸಿ ಗೆದ್ದಿತೆನ್ನಬಹುದು. ಓಕ್ ಮತ್ತು ಸಿರಾದ ಚರಿತ್ರೆಯಲ್ಲಿ ಇದಕ್ಕಿಂತ ಮುಖ್ಯವಾದ ಘಟನೆ ಇನ್ನೊಂದಿಲ್ಲ.

ರೋನ್‌ನಲ್ಲಿ ಈ ಬದಲಾವಣೆ ತಂದ ಮನೆತನ ಕೋತ್-ರೋತಿಯ ಬುಡದ ಆಂಪ್ವಿ ಊರಿನ ಗಿಗಾಲ್. ವಿದಾಲ್-ಫ್ಲೂರಿ ಎಂಬ ಹಳೆಯ ಸಂಸ್ಥೆಯಲ್ಲಿ ದುಡಿಯುತ್ತಿದ್ದ ಎತಿಯೆನ್ ಗಿಗಾಲ್ 1946ರಲ್ಲಿ ಸ್ವಂತ ವಹಿವಾಟು ಆರಂಭಿಸಿದ. ಅವನ ಕಣ್ಣಿನ ದೃಷ್ಟಿ ಕೈಕೊಟ್ಟಾಗ, 1961ರಲ್ಲಿ ಇನ್ನೂ ಹದಿಹರೆಯದಲ್ಲಿದ್ದ ಮಗ ಮಾರ್ಸೆಲ್ ಜವಾಬ್ದಾರಿ ಹೊತ್ತ. ಕೋತ್-ರೋತಿಯ ವೈನನ್ನು ಒಟ್ಟಾಗಿ ಬೆರೆಸುವ ರೂಢಿಯನ್ನು ಬಿಟ್ಟು, ಒಂದೊಂದೇ ಇಳಿಜಾರಿನ ವೈನನ್ನು ಬೇರೆಯಾಗಿ ತೆಗೆದದ್ದು ಮಾರ್ಸೆಲ್‌ನ ಮೊದಲ ಹೆಜ್ಜೆ. 1966ರಲ್ಲಿ ಲಾ ಮೂಲೀನ್, 1978ರಲ್ಲಿ ಲಾ ಲಾಂದೊನ್, 1985ರಲ್ಲಿ ಲಾ ತ್ಯುರ್ಕ್ ಹೊರಬಂದವು. ಮೂಲೀನ್‌ನಲ್ಲಿ ವಿಯೊನ್ಯೆ ಎಂಬ ಬಿಳಿ ದ್ರಾಕ್ಷಿಯನ್ನು ಸಿರಾದ ಜೊತೆಗೇ ಹುದುಗಿಸುತ್ತಾರೆ, ಅದು ಹೂವಿನ ಕಂಪು ಕೊಡುತ್ತದೆ. ಲಾಂದೊನ್ ಅಪ್ಪಟ ಸಿರಾ. ಎರಡನೆಯ ಹೆಜ್ಜೆ ಇನ್ನೂ ದಿಟ್ಟವಾದುದು: ಈ ಮೂರನ್ನೂ ಹೊಚ್ಚಹೊಸ ಓಕ್ ಪೀಪಾಯಿಗಳಲ್ಲಿ 42 ತಿಂಗಳು ಇಡುವುದು. ಬೋರ್ದೊದ ಹೆಸರಾಂತ ತೋಟಗಳೂ ಹೊಸ ಮರದಲ್ಲಿ ವೈನನ್ನು ಇಡುತ್ತಿದ್ದುದು ಸಾಮಾನ್ಯವಾಗಿ ಒಂದೂವರೆ, ಎರಡು ವರ್ಷ. 1980ರ ದಶಕದಲ್ಲಿ ಅಮೆರಿಕದ ವಿಮರ್ಶಕ ರಾಬರ್ಟ್ ಪಾರ್ಕರ್ ಇವುಗಳಿಗೆ ನೂರಕ್ಕೆ ನೂರು ಅಂಕ ಕೊಟ್ಟ ಮೇಲೆ ಜಗತ್ತಿನ ಶ್ರೀಮಂತರ ಕಣ್ಣು ಆಂಪ್ವಿಯತ್ತ ತಿರುಗಿತು. ಪಾಳುಬಿದ್ದ ತಾಕುಗಳಿಗೆ ಮತ್ತೆ ಬಳ್ಳಿ ಬಂತು. ಇಂದು ಕೋತ್-ರೋತಿಯ ತೋಟಗಳು 300 ಹೆಕ್ಟೇರ್ ದಾಟಿವೆ. ಹೊಸ ಮರದ ರುಚಿಯನ್ನು ಮೆಚ್ಚದವರೂ ಈ ಋಣವನ್ನು ಒಪ್ಪಬೇಕಾಗುತ್ತದೆ.

ಹೊಸ ಮರ ಮಾಡುವ ಕೆಲಸ ಎರಡು ಬಗೆಯದು. ಒಂದು, ರುಚಿ ಸೇರಿಸುವುದು. ಫ್ರೆಂಚ್ ಓಕ್ ಬರುವುದು ತ್ರೋನ್ಸೆಯಂತಹ ಕಾಡುಗಳಿಂದ. ಹದಿನೇಳನೆಯ ಶತಮಾನದಲ್ಲಿ ಮಂತ್ರಿ ಕೊಲ್ಬೆರ್ ನೌಕಾಪಡೆಯ ಹಡಗುಗಳಿಗೆಂದು ಕಾಪಾಡಿಸಿದ ಕಾಡದು. ಆ ಮರವನ್ನು ಗರಗಸದಲ್ಲಿ ಕೊಯ್ಯದೆ ಎಳೆಯ ಗುಂಟ ಸೀಳುತ್ತಾರೆ, ಇಲ್ಲದಿದ್ದರೆ ಪೀಪಾಯಿ ಸೋರುತ್ತದೆ. ಅಮೆರಿಕದ ಬಿಳಿ ಓಕ್ ಹೆಚ್ಚು ಬಿಗಿ, ಅದನ್ನು ಕೊಯ್ದರೂ ಸೋರದು. ಹಲಗೆಗಳನ್ನು ಎರಡು ಮೂರು ವರ್ಷ ಗಾಳಿ ಮಳೆಗೆ ಒಡ್ಡಿ, ಬಾಗಿಸಿ, ಒಳಮೈಯನ್ನು ಬೆಂಕಿಯಲ್ಲಿ ಸುಡುತ್ತಾರೆ. ಆ ಶಾಖದಲ್ಲಿ ಮರದ ಲಿಗ್ನಿನ್ ಒಡೆದು ವೆನಿಲಿನ್ ಹುಟ್ಟುತ್ತದೆ. ಯುಜೆನಾಲ್ ಲವಂಗದ ವಾಸನೆಯನ್ನೂ ಗ್ವಾಯಕಾಲ್ ಹೊಗೆಯ ವಾಸನೆಯನ್ನೂ ಕೊಡುತ್ತವೆ. ಅಮೆರಿಕನ್ ಓಕ್‌ನಲ್ಲಿ ಹೆಚ್ಚಾಗಿರುವ ಲ್ಯಾಕ್ಟೋನ್ ತೆಂಗಿನಕಾಯಿಯ ಕಂಪು ತರುತ್ತದೆ. ಎರಡನೆಯ ಕೆಲಸ ಕಣ್ಣಿಗೆ ಕಾಣದ್ದು, ಬಹುಶಃ ಹೆಚ್ಚು ಬೆಲೆಯುಳ್ಳದ್ದು. ಮರದ ಸಂದುಗಳಿಂದ ಒಳಗಿಳಿಯುವ ಅಲ್ಪ ಆಮ್ಲಜನಕ, ಒಗರಿನ ಟ್ಯಾನಿನ್‌ಗಳನ್ನೂ ಸಿಪ್ಪೆಯ ಬಣ್ಣವನ್ನೂ ಒಂದಕ್ಕೊಂದು ಬೆಸೆಯುತ್ತದೆ. ಬಣ್ಣ ಗಟ್ಟಿಗೊಳ್ಳುತ್ತದೆ, ಒಗರು ಮೆತ್ತಗಾಗುತ್ತದೆ.

ಹೊಸ ಪದ್ಧತಿ ಹರಡಿದಂತೆ ಜಗಳವೂ ಹರಡಿತು. ಕೊರ್ನಾಸ್ ಊರಿನಲ್ಲಿ ಅದು ಎದ್ದು ಕಂಡಿತು. ಓಗುಸ್ತ್ ಕ್ಲಾಪ್‌ನಂಥ ಹಿರಿಯರು ಹಳೆಯ ದೊಡ್ಡ ಮರದ ಪಾತ್ರೆಗಳನ್ನೇ ನಂಬಿದ್ದರು. 1980ರ ದಶಕದಲ್ಲಿ ಅಲ್ಲಿಗೆ ಬಂದು ನೆಲೆಸಿದ ವೈನ್ ತಜ್ಞ ಜಾನ್-ಲೂಕ್ ಕೊಲಂಬೊ ಗೊಂಚಲಿನ ತೊಟ್ಟು ಬಿಡಿಸಬೇಕು, ನೆಲಮಾಳಿಗೆ ಶುಚಿಯಾಗಿರಬೇಕು, ಹೊಸ ಸಣ್ಣ ಪೀಪಾಯಿ ಬೇಕು ಎಂದು ವಾದಿಸಿದ. ಶುಚಿತ್ವದ ಮಾತಿನಲ್ಲಿ ಅವನ ಪಕ್ಷ ನ್ಯಾಯವಾದುದು. ಹಳೆಯ ಮರದಲ್ಲಿ ಬ್ರೆಟಾನೊಮೈಸಿಸ್ ಎಂಬ ಯೀಸ್ಟ್ ಮನೆಮಾಡಿದರೆ ವೈನಿಗೆ ಕೊಟ್ಟಿಗೆಯ ನಾತ ಹಿಡಿಯುತ್ತದೆ, ಅದನ್ನು ಊರಿನ ಮಣ್ಣಿನ ಗುಣವೆಂದು ಹೊಗಳುತ್ತಿದ್ದವರೂ ಇದ್ದರು. ಆದರೆ ಹೊಸ ಮರದ ಅತಿ ಬಳಕೆಯಿಂದ 1990ರ ದಶಕದ ಎಷ್ಟೋ ಸಿರಾಗಳು ಯಾವ ಊರಿನವು ಎಂದು ಗುರುತಿಸಲಾಗದಷ್ಟು ಒಂದೇ ತೆರನಾದವು ಎಂಬ ದೂರೂ ಸುಳ್ಳಲ್ಲ. ನಂತರದ ವರ್ಷಗಳಲ್ಲಿ ಹಲವು ತಯಾರಕರು ಹೊಸ ಪೀಪಾಯಿಗಳ ಪ್ರಮಾಣ ಇಳಿಸಿ, ದೆಮಿ-ಮ್ವಿಗಳತ್ತ ಮರಳಿದ್ದಾರೆ.

ಈ ಜಗಳ ನಡೆಯುತ್ತಿದ್ದ ಕಾಲದಲ್ಲೇ ಹೊಸ ಮರದ ಶೈಲಿ ಕರ್ನಾಟಕವನ್ನೂ ತಲುಪಿತು. ನಂದಿ ಬೆಟ್ಟದ ಬುಡದಲ್ಲಿ 1980ರ ದಶಕದ ಕೊನೆಗೆ ಕನ್ವಲ್ ಗ್ರೋವರ್ ಆರಂಭಿಸಿದ ತೋಟಗಳಲ್ಲಿ ಫ್ರೆಂಚ್ ತಳಿಗಳನ್ನು ನೆಡಲಾಯಿತು. ಹೊಸ ಮರದ ಶೈಲಿಗೆ ಹೆಸರಾದ ಬೋರ್ದೊದ ಮಿಶೆಲ್ ರೊಲಾಂ ಆ ಸಂಸ್ಥೆಗೆ ಸಲಹೆಗಾರನಾದ. ಕ್ಯಾಬರ್ನೆ ಸೊವಿನ್ಯೋನ್ ಮತ್ತು ಶಿರಾಜ್ ಬೆರೆಸಿ ಓಕ್‌ನಲ್ಲಿ ಮಾಗಿಸಿದ ಲಾ ರಿಸರ್ವ್ ಅಲ್ಲಿಂದ ಬಂದ ವೈನು. ಇಲ್ಲಿ ಚಳಿಗಾಲದ ನಿದ್ದೆ ಬಳ್ಳಿಗಿಲ್ಲ. ವರ್ಷಕ್ಕೆ ಎರಡು ಬಾರಿ ಸವರಿ, ಬೇಸಿಗೆಯ ಹೊಸ್ತಿಲಲ್ಲಿ ಒಂದು ಕೊಯ್ಲು ತೆಗೆಯುತ್ತಾರೆ.

ಇನ್ನು, ಹೊಸ ಮರದಲ್ಲಿ ಮಾಗಿದ ಸಿರಾವನ್ನು ಹದಿನೈದು ಇಪ್ಪತ್ತು ವರ್ಷದ ನಂತರ ಸವಿಯುವ ಕ್ರಮಕ್ಕೆ ಸಿದ್ಧತೆ ಬೇಕು. ಮಲಗಿಸಿಟ್ಟ ಸೀಸೆಯನ್ನು ಒಂದೆರಡು ದಿನ ಮೊದಲೇ ನೆಟ್ಟಗೆ ನಿಲ್ಲಿಸಿದರೆ ಗಷ್ಟು ತಳಕ್ಕಿಳಿಯುತ್ತದೆ. ಬೆಸೆದು ಭಾರವಾದ ಬಣ್ಣ ಮತ್ತು ಟ್ಯಾನಿನ್‌ಗಳೇ ಈ ಗಷ್ಟು, ಅದು ಕೆಡುಕಿನ ಲಕ್ಷಣವಲ್ಲ. ಬಿರಡೆ ತೆಗೆದು, ಸೀಸೆಯ ಕತ್ತಿನ ಹಿಂದೆ ದೀಪ ಹಿಡಿದು, ತಿಳಿಯನ್ನು ಮಾತ್ರ ಇನ್ನೊಂದು ಪಾತ್ರೆಗೆ ನಿಧಾನವಾಗಿ ಬಗ್ಗಿಸುತ್ತಾರೆ. ವೈನಿನ ಶಾಖ 16ರಿಂದ 18 ಡಿಗ್ರಿ ಸೆಲ್ಸಿಯಸ್ ಇದ್ದರೆ ಚೆನ್ನ. ಅದಕ್ಕಿಂತ ಬೆಚ್ಚಗಾದರೆ ಆಲ್ಕೋಹಾಲ್ ಮೂಗಿಗೆ ಬಡಿಯುತ್ತದೆ, ತಣ್ಣಗಾದರೆ ಒಗರು ಮುಂದೆ ಬರುತ್ತದೆ.

ಎಳೆಯ ಸಿರಾ ಕಪ್ಪಿಗೆ ಹತ್ತಿರದ ನೇರಳೆ. ಮಾಗಿದ್ದು ಮಾಣಿಕ್ಯದ ಕೆಂಪಿಗೆ ತಿರುಗಿ, ಲೋಟವನ್ನು ವಾಲಿಸಿದಾಗ ಅಂಚಿನಲ್ಲಿ ಇಟ್ಟಿಗೆಯ ಬಣ್ಣ ತೋರುತ್ತದೆ. ವಾಸನೆಯಲ್ಲಿ ಕಪ್ಪು ಹಣ್ಣುಗಳ ತಾಜಾತನ ಹಿಂದೆ ಸರಿದು ಒಣಹಣ್ಣು, ತೊಗಲು, ಒದ್ದೆ ಮಣ್ಣು, ಹೊಗೆಯಾಡಿಸಿದ ಮಾಂಸ, ಕಪ್ಪು ಆಲಿವ್ ಬರುತ್ತವೆ. ಹಲವು ವೈನುಗಳಲ್ಲಿ ಕರಿಮೆಣಸಿನ ಸುಳಿವು ಉಳಿದಿರುತ್ತದೆ. ಇದು ಬರಿಯ ಹೋಲಿಕೆಯ ಮಾತಲ್ಲ. ಪಶ್ಚಿಮ ಘಟ್ಟದ ಮೆಣಸಿಗೆ ಪರಿಮಳ ಕೊಡುವ ರೊಟಂಡೋನ್ ಎಂಬ ಅಣುವೇ ಸಿರಾದ ಸಿಪ್ಪೆಯಲ್ಲೂ ಇದೆಯೆಂದು ಆಸ್ಟ್ರೇಲಿಯದ ಸಂಶೋಧಕರು 2008ರಲ್ಲಿ ತೋರಿಸಿದರು. ತಂಪಾದ ತೋಟಗಳಲ್ಲಿ ಅದು ಹೆಚ್ಚು. ಸುಮಾರು ಐದರಲ್ಲೊಬ್ಬರ ಮೂಗಿಗೆ ಅದು ತಿಳಿಯುವುದೇ ಇಲ್ಲ, ಆದ್ದರಿಂದ ಒಂದೇ ಲೋಟದ ಬಗ್ಗೆ ಇಬ್ಬರು ಬೇರೆ ಬೇರೆ ಮಾತು ಹೇಳಿದರೆ ಇಬ್ಬರೂ ಸರಿಯಿರಬಹುದು.

ಬಾಯಲ್ಲಿ ನೋಡಬೇಕಾದ್ದು ಮುಖ್ಯವಾಗಿ ಒಗರು. ಎಳೆಯ ವೈನಿನಲ್ಲಿ ಒಸಡನ್ನು ಹಿಡಿದೆಳೆಯುತ್ತಿದ್ದ ಒಗರು ಈಗ ನುಣುಪಾಗಿ, ನಾಲಗೆಯ ಮೇಲೆ ಹರಡಿ ಇಳಿಯಬೇಕು. ಹುಳಿ ಇನ್ನೂ ಚುರುಕಾಗಿರಬೇಕು, ವೈನು ನಿಂತಿರುವುದು ಅದರ ಆಧಾರದ ಮೇಲೆ. ಮರದ ಪರೀಕ್ಷೆಯೂ ಇಲ್ಲೇ. ಹಣ್ಣಿನ ಸತ್ವ ಸಾಕಷ್ಟಿದ್ದ ವೈನಿನಲ್ಲಿ ವೆನಿಲಾ, ಲವಂಗ, ಸುಟ್ಟ ಮರ ಬಿಡಿಬಿಡಿಯಾಗಿ ತೋರದೆ ಒಟ್ಟು ಕಂಪಿನಲ್ಲಿ ಕರಗಿರುತ್ತವೆ. ಮೂರೂವರೆ ವರ್ಷ ಹೊಸ ಓಕ್‌ನಲ್ಲಿದ್ದ ಲಾಂದೊನ್ ಎರಡು ದಶಕದ ನಂತರ ಮರಕ್ಕಿಂತ ಹೆಚ್ಚಾಗಿ ಗುಡ್ಡವನ್ನೇ ನೆನಪಿಸುವುದು ಈ ಕಾರಣಕ್ಕೆ. ತೆಳ್ಳಗಿನ ಸುಗ್ಗಿಯ ರಸವನ್ನು ಅದೇ ಬಗೆಯ ಮರದಲ್ಲಿ ಇಟ್ಟಿದ್ದರೆ ಆಗುವುದು ಬೇರೆ: ಹಣ್ಣು ಮೊದಲು ಸೋರಿಹೋಗಿ, ಮರದ ಒಣ ಒಗರು ಮಾತ್ರ ಗಂಟಲಲ್ಲಿ ಉಳಿಯುತ್ತದೆ. ಅಂಥ ವೈನನ್ನು ಇನ್ನಷ್ಟು ಕಾಲ ಇಟ್ಟು ಫಲವಿಲ್ಲ. ಸರಿಯಾಗಿ ಮಾಗಿದ್ದು ಕೂಡ ಪಾತ್ರೆಗೆ ಬಗ್ಗಿಸಿದ ಒಂದೆರಡು ಗಂಟೆಯಲ್ಲಿ ತನ್ನೆಲ್ಲ ಕಂಪನ್ನೂ ಬಿಚ್ಚಿ ಆಮೇಲೆ ಇಳಿಮುಖವಾಗುತ್ತದೆ, ಹಾಗಾಗಿ ಅದೇ ಸಂಜೆ ಮುಗಿಸುವುದು ರೋನ್ ತೀರದ ವಾಡಿಕೆ.