ಬಳ್ಳಾರಿ ಸೀಮೆಯ ಪಶ್ಚಿಮ ತಾಲ್ಲೂಕುಗಳಲ್ಲಿ ವಿದ್ಯಾರ್ಥಿಯ ಬರವಣಿಗೆಯ ಸಾಧನಗಳು: ಕಡತದಿಂದ ಲ್ಯಾಪ್‌ಟಾಪಿನವರೆಗೆ

ಪ್ರೌಢಶಾಲೆಯ ಪ್ರತಿಯೊಬ್ಬ ವಿದ್ಯಾರ್ಥಿಗೂ ಲ್ಯಾಪ್‌ಟಾಪ್ ಎಂಬ ಕಿರುಗಣಕವನ್ನು ಸರ್ಕಾರವೇ ಒದಗಿಸಬೇಕೆಂಬ ವಿಚಾರವು ಈಚಿನ ಎರಡು ದಶಕಗಳಲ್ಲಿ ಅನೇಕ ದೇಶಗಳಲ್ಲಿ ಪ್ರಬಲವಾಗಿದೆ. ಇದು ಕೇವಲ ನೂತನ ಯಂತ್ರವೊಂದರ ವಿಷಯವೆಂದು ಸಾಮಾನ್ಯವಾಗಿ ಭಾವಿಸುವುದುಂಟು. ಆದರೆ ವಿದ್ಯಾರ್ಥಿಯ ಕೈಗೆ ಬರವಣಿಗೆಯ ಸಾಧನವನ್ನು ಯಾರು ಕೊಡತಕ್ಕದ್ದು, ಅದು ಸವೆದಾಗ ಯಾರು ನವೀಕರಿಸತಕ್ಕದ್ದು, ಅದರ ವೆಚ್ಚದಿಂದ ಯಾರು ವಿದ್ಯೆಯ ಹೊರಗೆ ಉಳಿಯುತ್ತಾರೆ ಎಂಬ ಪ್ರಶ್ನೆಯು ಬಹು ಹಳೆಯದು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂಬ ಐದು ತಾಲ್ಲೂಕುಗಳ ಸೀಮೆಗೆ ಸಂಬಂಧಿಸಿದಂತೆ ಈ ಪ್ರಶ್ನೆಗೆ ಇನ್ನೂರು ವರ್ಷಗಳ ಹಿಂದಿನ ಲಿಖಿತಾಧಾರವಿದೆ. ಅದನ್ನು ಇಲ್ಲಿ ವಿಚಾರಿಸಲಾಗಿದೆ.

ಮೊದಲು ಸೀಮೆಯ ಎಲ್ಲೆಗಳನ್ನು ಹೇಳುವುದವಶ್ಯಕ. 1800ರಲ್ಲಿ ನಿಜಾಮನು ಕಂಪನಿ ಸರ್ಕಾರಕ್ಕೆ ಬಿಟ್ಟುಕೊಟ್ಟ ದತ್ತಮಂಡಲದೊಳಗೆ ಈ ಪ್ರದೇಶವು ಸೇರಿತ್ತು. ಆ ಕಾಲದ ಬಳ್ಳಾರಿ ಜಿಲ್ಲೆಯಲ್ಲಿ ಈಗಿನ ಅನಂತಪುರದ ಭಾಗವೂ ಇದ್ದಿತು. ಅದು 1882ರಲ್ಲಿ ಬೇರ್ಪಟ್ಟಿತು. 1953ರ ಅಕ್ಟೋಬರ್ 1ರಂದು ಬಳ್ಳಾರಿಯು ಮದರಾಸನ್ನು ಬಿಟ್ಟು ಮೈಸೂರಿಗೆ ಸೇರಿತು. 1997ರಲ್ಲಿ ಹರಪನಹಳ್ಳಿಯನ್ನು ದಾವಣಗೆರೆ ಜಿಲ್ಲೆಗೆ ಕೊಟ್ಟು 2018ರಲ್ಲಿ ಹಿಂದಕ್ಕೆ ಪಡೆದರು. ಈಗ ಐದೂ ತಾಲ್ಲೂಕುಗಳು 2021ರಲ್ಲಿ ರಚಿತವಾದ ವಿಜಯನಗರ ಜಿಲ್ಲೆಯಲ್ಲಿವೆ. ಹೀಗೆ ಗಡಿಗಳು ಸರಿದಾಡಿರುವುದರಿಂದ ಹಳೆಯ ಲೆಕ್ಕಗಳನ್ನು ಇಂದಿನ ಲೆಕ್ಕಗಳೊಡನೆ ನೇರವಾಗಿ ಹೋಲಿಸಲಾಗದು.

ಮದರಾಸಿನ ಗವರ್ನರನಾಗಿದ್ದ ಸರ್ ತಾಮಸ್ ಮನ್ರೋ 1822ರಲ್ಲಿ ತನ್ನ ಆಧಿಪತ್ಯದ ಎಲ್ಲಾ ಜಿಲ್ಲೆಗಳಿಂದ ದೇಶೀಯ ಪಾಠಶಾಲೆಗಳ ವಿವರವನ್ನು ಕೇಳಿದನು. ಬಹುಮಂದಿ ಕಲೆಕ್ಟರರು ಪಟ್ಟಿಯೊಂದನ್ನು ತುಂಬಿ ಕಳುಹಿಸಿ ಸುಮ್ಮನಾದರು. ಬಳ್ಳಾರಿಯ ಕಲೆಕ್ಟರನಾಗಿದ್ದ ಎ. ಡಿ. ಕ್ಯಾಂಬೆಲ್ ಮಾತ್ರ 1823ರ ಆಗಸ್ಟ್ 17ರಂದು ವಿಸ್ತಾರವಾದ ವರದಿಯನ್ನು ಬರೆದನು. ತೆಲುಗಿಗೆ ವ್ಯಾಕರಣವನ್ನೂ ನಿಘಂಟನ್ನೂ ರಚಿಸಿದ್ದ ಈತನಿಗೆ ದೇಶಭಾಷೆಗಳಲ್ಲಿ ಆಸ್ಥೆ ಇದ್ದುದೇ ಇದಕ್ಕೆ ಕಾರಣವಾಗಿರಬೇಕು. ಅವನ ಲೆಕ್ಕದ ಪ್ರಕಾರ 9,27,857 ಜನಸಂಖ್ಯೆಯ ಆ ಜಿಲ್ಲೆಯಲ್ಲಿ 533 ಶಾಲೆಗಳೂ 6,641 ವಿದ್ಯಾರ್ಥಿಗಳೂ ಇದ್ದರು. ಶಾಲೆಯೊಂದಕ್ಕೆ ಸುಮಾರು ಹನ್ನೆರಡು ಮಂದಿ. ಸಾವಿರ ಜನಕ್ಕೆ ಏಳು ಮಂದಿ. ಕನ್ನಡ ಶಾಲೆಗಳು 235, ತೆಲುಗಿನವು 226, ಮರಾಠಿಯವು 23, ಪಾರಸಿಯವು 21, ತಮಿಳಿನವು 4, ಇಂಗ್ಲಿಷಿನದು ಒಂದೇ ಒಂದು. ಬ್ರಾಹ್ಮಣರಿಗೆ ಮಾತ್ರ ಶಾಸ್ತ್ರಪಾಠ ನಡೆಯುತ್ತಿದ್ದ ಸ್ಥಾನಗಳು 23. ಹೆಣ್ಣುಮಕ್ಕಳು ಒಟ್ಟಿಗೆ 60 ಮಂದಿ. ತೆಲುಗು ಪೂರ್ವಭಾಗದ ಭಾಷೆಯಾದುದರಿಂದ, ಕನ್ನಡ ಶಾಲೆಗಳಲ್ಲಿ ಗಣನೀಯವಾದ ಪಾಲು ಹಡಗಲಿ, ಹರಪನಹಳ್ಳಿ, ಕೂಡ್ಲಿಗಿಗಳ ಕಡೆಗೆ ಸೇರಿದ್ದವೆಂದು ಊಹಿಸುವುದು ಅಯುಕ್ತವಲ್ಲ. ಪಠ್ಯಗಳ ಪಟ್ಟಿಯೂ ಈ ಊಹೆಗೆ ಅನುಕೂಲವಾಗಿದೆ. ಎಲ್ಲಾ ಜಾತಿಯ ಬಾಲಕರೂ ಓದುತ್ತಿದ್ದ ರಾಮಾಯಣ, ಭಾರತ, ಭಾಗವತಗಳಲ್ಲದೆ, ಲಿಂಗವಂತರ ಮಕ್ಕಳಿಗೆ ಬಸವಪುರಾಣ, ರಾಘವಾಂಕನ ಕಾವ್ಯ, ಗಿರಿಜಾಕಲ್ಯಾಣ, ಅನುಭವಾಮೃತ, ಚೆನ್ನಬಸವಪುರಾಣಗಳು ಪಾಠವಾಗಿದ್ದವು. ಉಜ್ಜಿನಿಯ ಪೀಠವೂ ಕೊಟ್ಟೂರಿನ ಬಸವೇಶ್ವರನ ಗುಡಿಯೂ ಇರುವ ಸೀಮೆಗೆ ಇದು ಸಹಜವಾದುದೇ.

ಇನ್ನು ಬರವಣಿಗೆಯ ಸಾಧನಗಳ ವಿಚಾರ. ಐದನೆಯ ವಯಸ್ಸಿನಲ್ಲಿ ಅಕ್ಷರಾಭ್ಯಾಸವಾದ ಬಾಲಕನು ಮೊದಲು ನೆಲದ ಮೇಲೆ ಹರಡಿದ ಮರಳಿನಲ್ಲಿ ಬೆರಳಿನಿಂದ ಅಕ್ಷರಗಳನ್ನು ತಿದ್ದುತ್ತಿದ್ದನು. ಬಾಯಿಂದ ಅಕ್ಷರಮಾಲೆಯನ್ನು ಒಪ್ಪಿಸುವುದಕ್ಕಿಂತ ಮುಂಚೆ ಕೈಯಿಂದ ಬರೆಯುವುದು ಇಲ್ಲಿಯ ಕ್ರಮವೆಂದೂ, ಐರೋಪ್ಯರ ಕ್ರಮ ಇದಕ್ಕೆ ವಿಪರೀತವೆಂದೂ ಕ್ಯಾಂಬೆಲ್ ಹೇಳುತ್ತಾನೆ. ಮರಳಿನಲ್ಲಿ ಕೈ ಪಳಗಿದ ಮೇಲೆ ಕಂಟದಿಂದ ಓಲೆಯ ಮೇಲಾಗಲಿ, ಲೇಖನಿಯಿಂದ ಕಾಗದದ ಮೇಲಾಗಲಿ, ಬಳಪದಿಂದ ಹಲಗೆ ಅಥವಾ ಕಡತದ ಮೇಲಾಗಲಿ ಬರೆಯುವ ಅಧಿಕಾರವು ಅವನಿಗೆ ಬರುತ್ತಿತ್ತು. ಇವುಗಳಲ್ಲಿ ಹಲಗೆ ಮತ್ತು ಕಡತಗಳೇ ಈ ಸೀಮೆಯಲ್ಲಿ ಹೆಚ್ಚಾಗಿ ಬಳಕೆಯಲ್ಲಿದ್ದವು.

ಹಲಗೆಯು ಸುಮಾರು ಒಂದಡಿ ಅಗಲ, ಮೂರಡಿ ಉದ್ದದ ಮರದ ತುಂಡು. ಅದನ್ನು ನಯವಾಗಿ ಹೆರೆದು, ಸ್ವಲ್ಪ ಅನ್ನವನ್ನೂ ಇದ್ದಿಲಪುಡಿಯನ್ನೂ ಸವರಿದರೆ ಬರೆಯಲು ಸಿದ್ಧ. ಕಡತವು ಬಟ್ಟೆಯದು. ಬಟ್ಟೆಗೆ ಗಂಜಿಹಾಕಿ ಬಿರುಸುಮಾಡಿ, ಪುಸ್ತಕದಂತೆ ಮಡಿಕೆಗಳಾಗಿ ಮಡಿಸಿ, ಇದ್ದಿಲನ್ನೂ ಅಂಟುಗಳನ್ನೂ ಕೂಡಿಸಿ ಬಳಿಯುತ್ತಿದ್ದರು. ಕನ್ನಡನಾಡಿನ ಇತರ ಕಡೆಗಳಲ್ಲಿ ಹುಣಿಸೆಬೀಜದ ಸರಿಯನ್ನು ಉಪಯೋಗಿಸುತ್ತಿದ್ದುದು ಪ್ರಸಿದ್ಧವಾಗಿದೆ. ಎರಡರ ಮೇಲಿನ ಬರಹವನ್ನೂ ಒದ್ದೆಬಟ್ಟೆಯಿಂದ ಅಳಿಸಬಹುದಾಗಿತ್ತು. ವರದಿಯ ಅಚ್ಚಿನ ಪ್ರತಿಯಲ್ಲಿ ಬಳಪವೆಂಬ ಶಬ್ದದ ನಡುವೆ ನಿಷ್ಕಾರಣವಾಗಿ ಟಕಾರವೊಂದು ನುಸುಳಿದೆ. ಇಂಗ್ಲಿಷಿನ ಲಕಾರಕ್ಕೆ ಅಡ್ಡಗೆರೆಯೊಂದು ಬಿದ್ದರೆ ಟಕಾರವಾಗುವುದರಿಂದ ಇದು ಪ್ರತಿಕಾರನ ಕೈವಾಡವೆಂಬುದು ಸ್ಪಷ್ಟ. ಕನ್ನಡ ತಿಳಿಯದವರು ಈ ಪಾಠವನ್ನೇ ಹಿಡಿದು ಬೇರೊಂದು ವಸ್ತುವನ್ನು ಕಲ್ಪಿಸಬಾರದು.

ಬಟ್ಟೆಯ ಮೇಲೆ ಬರೆಯುವ ಪದ್ಧತಿಯು ಬಹು ಪ್ರಾಚೀನವಾದುದು. ಅಲೆಕ್ಸಾಂಡರನ ನೌಕಾಧಿಪತಿ ನಿಯಾರ್ಕಸನು, ಭಾರತೀಯರು ಚೆನ್ನಾಗಿ ಬಡಿದ ಬಟ್ಟೆಯ ಮೇಲೆ ಪತ್ರಗಳನ್ನು ಬರೆಯುತ್ತಿದ್ದರೆಂದು ಹೇಳಿದುದನ್ನು ಸ್ಟ್ರಾಬೋ ಉದ್ಧರಿಸಿದ್ದಾನೆ. ಅದೇ ಕಡತವೆಂದು ಸಾಧಿಸುವುದು ಸಾಹಸವಾದೀತು. ಆದರೆ ಕಡತವೆಂಬ ಶಬ್ದವು ಸತ್ತಿಲ್ಲವೆಂಬುದು ಗಮನಾರ್ಹ. ವರ್ತಕರ ಲೆಕ್ಕದ ಬಟ್ಟೆಯಿಂದ ಅದು ಸರ್ಕಾರೀ ಕಚೇರಿಯ ಕಾಗದದ ಕಟ್ಟಿಗೆ ಬಂದು, ಅಲ್ಲಿಂದ ಗಣಕದೊಳಗಿನ ಫೈಲಿಗೂ ಅನ್ವಯವಾಗಿದೆ. ಬಾಲಕನು ಮಡಿಸಿ ಕಂಕುಳಲ್ಲಿಟ್ಟುಕೊಂಡು ಹೋಗುತ್ತಿದ್ದ ವಸ್ತುವಿನ ಹೆಸರು ಮತ್ತೆ ಮಡಿಸಿ ಒಯ್ಯುವ ಯಂತ್ರದೊಳಗೆ ಸೇರಿರುವುದು ಭಾಷೆಯ ಒಂದು ವಿನೋದ.

ಈ ಸಾಧನಗಳ ಮುಖ್ಯ ಗುಣವು ಬೆಲೆ ಕಡಿಮೆಯೆಂಬುದಷ್ಟೇ ಅಲ್ಲ. ಮರಳು ನೆಲದಲ್ಲಿತ್ತು, ಇದ್ದಿಲು ಒಲೆಯಲ್ಲಿತ್ತು, ಗಂಜಿ ಮಡಕೆಯಲ್ಲಿತ್ತು. ಹಲಗೆಯ ಕಪ್ಪು ಮಾಸಿದರೆ ಬಾಲಕನೇ ಅದನ್ನು ಮತ್ತೆ ಬಳಿಯಬಲ್ಲವನಾಗಿದ್ದನು. ಆದರೆ ಕಾಗದದ ಮಾತು ಬೇರೆ. ಬಾಲಕನು ಕಾಗದದ ಮೇಲೆ ಬರೆಯಲು ತೊಡಗುವವರೆಗೆ ಉಪಾಧ್ಯಾಯನಿಗೆ ತಿಂಗಳಿಗೆ ಕಾಲು ರೂಪಾಯಿ ಸಲ್ಲುತ್ತಿದ್ದು, ಕಾಗದಕ್ಕೆ ಅಥವಾ ಮೇಲಿನ ಗಣಿತಕ್ಕೆ ಬಂದೊಡನೆ ಅರ್ಧ ರೂಪಾಯಿಯಾಗುತ್ತಿತ್ತೆಂದು ಕ್ಯಾಂಬೆಲ್ ತಿಳಿಸುತ್ತಾನೆ. ಅನೇಕ ಬಾಲಕರ ವಿದ್ಯೆಯು ಈ ಹೊಸ್ತಿಲಲ್ಲಿಯೇ ನಿಂತಿರಬೇಕು. ಗ್ರಂಥಗಳಾದರೋ ದುರ್ಲಭವಾಗಿದ್ದವು, ಪದ್ಯಗಳನ್ನು ಅರ್ಥವರಿಯದೆ ಕಂಠಸ್ಥ ಮಾಡುವುದೇ ಹೆಚ್ಚಾಗಿತ್ತೆಂದು ಅವನ ಆಕ್ಷೇಪಣೆ. ಕಂಠಪಾಠವನ್ನು ಅವನು ಹಳಿದಷ್ಟು ಹಳಿಯಬೇಕಾಗಿಲ್ಲ. ಪುಸ್ತಕವಿಲ್ಲದವನಿಗೆ ಕಂಠವೇ ಪುಸ್ತಕ. ಆದರೂ ಅರ್ಥಪಾಠವಿಲ್ಲದಿದ್ದುದು ದೋಷವೇ ಸರಿ.

ಮರಳಿನ ಬರಹಕ್ಕೆ ಇನ್ನೊಂದು ಚರಿತ್ರೆಯಿದೆ. ಮದರಾಸಿನಲ್ಲಿ ಸೈನಿಕರ ಅನಾಥಬಾಲಕರ ಶಾಲೆಯನ್ನು ನಡೆಸುತ್ತಿದ್ದ ಆಂಡ್ರೂ ಬೆಲ್ಲನು ದೇಶೀಯ ಶಾಲೆಯಲ್ಲಿ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡು ಆ ಕ್ರಮವನ್ನು ಎತ್ತಿಕೊಂಡನು. ಹಿರಿಯ ವಿದ್ಯಾರ್ಥಿಗಳಿಂದ ಕಿರಿಯರಿಗೆ ಪಾಠ ಹೇಳಿಸುವ ಏರ್ಪಾಡನ್ನೂ ಅಲ್ಲಿ ನಡೆಸಿದನು. 1797ರಲ್ಲಿ ಅವನು ಲಂಡನ್ನಿನಲ್ಲಿ ಪ್ರಕಟಿಸಿದ ವರದಿಯಿಂದ ಇವೆರಡೂ 'ಮದರಾಸು ಪದ್ಧತಿ' ಎಂಬ ಹೆಸರಿನಿಂದ ಇಂಗ್ಲೆಂಡಿನ ಬಡಮಕ್ಕಳ ಶಾಲೆಗಳಲ್ಲಿ ಹರಡಿದವು. ಬಳ್ಳಾರಿಯ ಶಾಲೆಗಳ ಮಿತವ್ಯಯವೂ ಈ ಬೋಧನಕ್ರಮವೂ ಶ್ಲಾಘ್ಯವೆಂದೂ, ಇಂಗ್ಲೆಂಡು ಅವನ್ನು ಅನುಕರಿಸಿದುದು ಉಚಿತವೆಂದೂ ಕ್ಯಾಂಬೆಲ್ ಒಪ್ಪಿಕೊಂಡಿದ್ದಾನೆ.

ಆದರೆ ಅದೇ ವರದಿಯ ಅತ್ಯಂತ ದಾರುಣವಾದ ಭಾಗವು ಮುಂದೆ ಬರುತ್ತದೆ. ಮೊದಲು ಶಾಲೆಗಳಿದ್ದ ಅನೇಕ ಗ್ರಾಮಗಳಲ್ಲಿ ಈಗ ಶಾಲೆಗಳಿಲ್ಲ. ದೊಡ್ಡ ಶಾಲೆಗಳಿದ್ದಲ್ಲಿ ಅನುಕೂಲಸ್ಥರ ಕೆಲವು ಮಕ್ಕಳು ಮಾತ್ರ ಉಳಿದಿದ್ದಾರೆ. ಐರೋಪ್ಯ ಬಟ್ಟೆಗಳ ಆಮದಿನಿಂದ ನೇಕಾರರ ವೃತ್ತಿ ಕೆಟ್ಟು ಜನರು ಬಡವರಾದುದು ಇದಕ್ಕೆ ಒಂದು ಕಾರಣವೆಂದು ಕಂಪನಿಯ ಅಧಿಕಾರಿಯೇ ಬರೆದಿದ್ದಾನೆ. ಕಾಲು ರೂಪಾಯಿಯೂ ಭಾರವಾದ ಮನೆಯಲ್ಲಿ ಹಲಗೆ ಇದ್ದೂ ಪ್ರಯೋಜನವಿಲ್ಲ. ಅಲ್ಲದೆ 533 ಶಾಲೆಗಳಲ್ಲಿ ಒಂದಾದರೂ ಸರ್ಕಾರದಿಂದ ಸಹಾಯ ಪಡೆಯುತ್ತಿಲ್ಲವೆಂದು ನಾಚಿಕೆಯಿಂದ ಹೇಳಿಕೊಂಡು, ಹಿಂದಿನ ಹಿಂದೂ ರಾಜ್ಯಗಳಲ್ಲಿ ವಿದ್ಯೆಗಾಗಿ ಭೂಮಿಯನ್ನೂ ಹಣವನ್ನೂ ಬಿಡುತ್ತಿದ್ದರೆಂದು ಅವನು ಸ್ಮರಿಸುತ್ತಾನೆ.

ಈ ಮಾತಿಗೆ ಶಾಸನಗಳಲ್ಲಿ ಬೇಕಾದಷ್ಟು ಪ್ರಮಾಣವಿದೆ. ಭೂದಾನವು ಈ ಸೀಮೆಗೆ ಹೊಸತಲ್ಲ. ಪಲ್ಲವ ಶಿವಸ್ಕಂದವರ್ಮನ ಪ್ರಾಕೃತ ತಾಮ್ರಶಾಸನವು ಹಡಗಲಿ ತಾಲ್ಲೂಕಿನ ಹಿರೇಹಡಗಲಿಯಲ್ಲಿಯೇ ದೊರೆತಿದೆ. ಪ್ರಕೃತಕ್ಕೆ ಹೆಚ್ಚು ಉಪಯುಕ್ತವಾದುದು ವಿಜಯಪುರ ಜಿಲ್ಲೆಯ ಸಾಲೋಟಗಿಯ ಶಾಸನ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದಲ್ಲಿ, 945ರಲ್ಲಿ, ಅಲ್ಲಿಯ ಶಾಲೆಗೆ 500 ನಿವರ್ತನ ಭೂಮಿಯನ್ನೂ, ವಿದ್ಯಾರ್ಥಿಗಳಿಗೆ 27 ಮನೆಗಳನ್ನೂ, ದೀಪಕ್ಕಾಗಿಯೇ 12 ನಿವರ್ತನ ಭೂಮಿಯನ್ನೂ ಬಿಟ್ಟಿದ್ದರು. ದಾನಿಗಳು ದೀಪವನ್ನು ಕೊಟ್ಟು ಕೈತೊಳೆದುಕೊಳ್ಳಲಿಲ್ಲ. ಎಣ್ಣೆಗೆ ಹೊಲವನ್ನೂ ಕೊಟ್ಟರು.

ಮನ್ರೋವು 1826ರಲ್ಲಿ ತಹಶೀಲಿಗೊಂದು ಶಾಲೆಯನ್ನು ಸ್ಥಾಪಿಸಿ ಉಪಾಧ್ಯಾಯನಿಗೆ ತಿಂಗಳಿಗೆ 9 ರೂಪಾಯಿ ಕೊಡುವ ಯೋಜನೆಯನ್ನು ಮಾಡಿದನು. ಮರುವರ್ಷವೇ ಅವನು ತೀರಿಕೊಂಡನು. ಯೋಚಿಸಿದ್ದ 300 ಶಾಲೆಗಳಲ್ಲಿ ಎಪ್ಪತ್ತರ ಸುಮಾರು ಆರಂಭವಾಗಿ, 1836ರಲ್ಲಿ ಅವೂ ಮುಚ್ಚಲ್ಪಟ್ಟವು.

ಸ್ವಾತಂತ್ರ್ಯಾನಂತರ ಶುಲ್ಕದ ಭಾರ ನೀಗಿ, ಪಠ್ಯಪುಸ್ತಕಗಳು ಉಚಿತವಾಗಿ ದೊರೆಯುವಂತಾಯಿತು. 2006-07ರಿಂದ ಕೆಲವು ವರ್ಷಗಳ ಕಾಲ ಎಂಟನೆಯ ತರಗತಿಯವರಿಗೆ ಸೈಕಲ್ಲನ್ನೂ ಕೊಟ್ಟರು. ಗಣಕವು ಈ ರಾಜ್ಯದ ಸರ್ಕಾರೀ ಪ್ರೌಢಶಾಲೆಗಳಿಗೆ ವ್ಯಾಪಕವಾಗಿ ಬಂದುದು 2001ರ 'ಮಾಹಿತಿ ಸಿಂಧು' ಯೋಜನೆಯಿಂದ. ಅದು 1,000 ಶಾಲೆಗಳಿಗೆ ಅನ್ವಯವಾಗಿತ್ತು. ಬೋಧನೆಯೂ ನಿರ್ವಹಣೆಯೂ ಖಾಸಗಿ ಸಂಸ್ಥೆಗಳ ಗುತ್ತಿಗೆಯಲ್ಲಿದ್ದವು. 2004ರ ಕೇಂದ್ರಯೋಜನೆಯಲ್ಲಿಯೂ ಇಂತಹ ಐದು ವರ್ಷಗಳ ಗುತ್ತಿಗೆಗೆ ಅವಕಾಶವಿತ್ತು. ಇವು ಒಂದು ಕೋಣೆಯಲ್ಲಿಟ್ಟ ಸಾಮುದಾಯಿಕ ಯಂತ್ರಗಳೇ ಹೊರತು ಬಾಲಕನ ಸ್ವಂತ ಹಲಗೆಗಳಲ್ಲ. ಪ್ರತಿಯೊಬ್ಬರಿಗೂ ಲ್ಯಾಪ್‌ಟಾಪ್ ಕೊಡುವ ಕ್ರಮವನ್ನು ಕರ್ನಾಟಕವು 2020ರಲ್ಲಿ ಸರ್ಕಾರೀ ಪದವಿ ಕಾಲೇಜುಗಳಲ್ಲಿ ಕೈಗೊಂಡಿತು. ಮರುವರ್ಷ ಟ್ಯಾಬ್ಲೆಟ್‌ಗಳನ್ನು ಹಂಚಿತು. ತಮಿಳುನಾಡು 2011ರಲ್ಲಿಯೇ ಹೈಯರ್ ಸೆಕೆಂಡರಿ ವಿದ್ಯಾರ್ಥಿಗಳಿಗೆ ಕೊಡಲು ತೊಡಗಿತ್ತು. 1953ರಲ್ಲಿ ಮದರಾಸಿನೊಳಗೆ ಉಳಿದಿದ್ದರೆ ಹಡಗಲಿಯ ಬಾಲಕನಿಗೆ ಲ್ಯಾಪ್‌ಟಾಪ್ ಬೇಗ ಸಿಕ್ಕುತ್ತಿತ್ತು, ಕನ್ನಡ ಪಾಠವು ಸಿಕ್ಕುತ್ತಿತ್ತೋ ಇಲ್ಲವೋ!

ಹೊರದೇಶಗಳಲ್ಲಿ ಈ ಕಾರ್ಯವು ಇನ್ನೂ ಮೊದಲೇ ನಡೆದಿದೆ. ಅಮೆರಿಕೆಯ ಮೇನ್ ಸಂಸ್ಥಾನವು 2002ರಲ್ಲಿ ಏಳನೆಯ ತರಗತಿಯ ಎಲ್ಲರಿಗೂ ಕೊಟ್ಟಿತು. 2005ರಲ್ಲಿ ನಿಕೋಲಸ್ ನೆಗ್ರೊಪಾಂಟೆಯು ನೂರು ಡಾಲರಿನ ಲ್ಯಾಪ್‌ಟಾಪನ್ನು ಪ್ರತಿಯೊಂದು ಮಗುವಿಗೂ ಕೊಡುವ ಸಂಕಲ್ಪವನ್ನು ಸಾರಿದನು. ಭಾರತ ಸರ್ಕಾರದ ಶಿಕ್ಷಣ ಇಲಾಖೆಯು 2006ರಲ್ಲಿ ಅದನ್ನು ನಿರಾಕರಿಸಿತು. ಪೆರು ಮತ್ತು ಉರುಗ್ವೆ ದೇಶಗಳು ಅಂಗೀಕರಿಸಿದವು. ಪೆರುವಿನ ಗ್ರಾಮಶಾಲೆಗಳ ಪರೀಕ್ಷಣದ ಫಲವು 2012ರಲ್ಲಿ ಪ್ರಕಟವಾಗಿ, ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಹೆಚ್ಚಳ ಕಾಣಲಿಲ್ಲವೆಂದು ತಿಳಿಯಿತು. ಉರುಗ್ವೆಯು 2007ರಿಂದ 2009ರೊಳಗೆ ಸರ್ಕಾರೀ ಪ್ರಾಥಮಿಕ ಶಾಲೆಗಳ ಎಲ್ಲ ಮಕ್ಕಳಿಗೂ ಕೊಟ್ಟುದಲ್ಲದೆ, ಕೆಟ್ಟ ಯಂತ್ರಗಳನ್ನು ಸರಿಪಡಿಸಲು ಸಂಚಾರೀ ಕಾರ್ಯಾಗಾರಗಳನ್ನೂ ಏರ್ಪಡಿಸಿತು. ಸಾಲೋಟಗಿಯವರಿದ್ದರೆ ಎರಡನೆಯದನ್ನೇ ಮೆಚ್ಚುತ್ತಿದ್ದರು. ಲ್ಯಾಪ್‌ಟಾಪಿನ ಬ್ಯಾಟರಿ ಸತ್ತರೆ ಅದಕ್ಕೆ ಅನ್ನ-ಇದ್ದಿಲನ್ನು ಸವರಲಾಗದು. ಅದರ ರಿಪೇರಿಗೆ ಕೂಡ್ಲಿಗಿಯ ಕೂಲಿಕಾರನು ತೆರಬೇಕಾದ ಹಣವೇ 1823ರ ಆ ಕಾಗದದ ಅರ್ಧ ರೂಪಾಯಿ.

ಭಾಷೆಯ ವಿಷಯದಲ್ಲಿ ಮಾತ್ರ ಸ್ಥಿತಿಯು ಉತ್ತಮವಾಗಿದೆ. ಕೆ. ಪಿ. ರಾವ್ ರೂಪಿಸಿದ ಕೀಲಿಮಣೆಯ ವಿನ್ಯಾಸವನ್ನು ಸರ್ಕಾರವು ಅಂಗೀಕರಿಸಿತು. ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶವು ಬಂದಿತು. 235 ಕನ್ನಡ ಶಾಲೆಗಳಿಗೆ ಎದುರಾಗಿ ಒಂದೇ ಇಂಗ್ಲಿಷ್ ಶಾಲೆಯಿದ್ದ ಸೀಮೆಯ ಮಕ್ಕಳು ಯಂತ್ರದ ಮೇಲೂ ತಮ್ಮ ಅಕ್ಷರಗಳನ್ನು ತಿದ್ದಬಹುದು.

2020ರ ಕೊರೋನಾ ಮಾರಿಯ ಕಾಲದಲ್ಲಿ ಶಾಲೆಗಳು ಮುಚ್ಚಿದಾಗ ಸಾಧನವುಳ್ಳವರಿಗೂ ಇಲ್ಲದವರಿಗೂ ಇರುವ ಅಂತರವು ಬಯಲಾಯಿತು. ಆಗ ಚಂದನ ವಾಹಿನಿಯಲ್ಲಿ ಪಾಠಗಳು ಪ್ರಸಾರವಾದವು. 'ವಿದ್ಯಾಗಮ'ವೆಂಬ ಯೋಜನೆಯಿಂದ ರಾಜ್ಯದ ಉಪಾಧ್ಯಾಯರು ಗುಡಿಯ ಅಂಗಳಗಳಲ್ಲಿ, ಮರದ ನೆರಳುಗಳಲ್ಲಿ, ಮನೆಯ ಜಗಲಿಗಳಲ್ಲಿ ಸಣ್ಣ ಸಣ್ಣ ಗುಂಪುಗಳಿಗೆ ಪಾಠ ಹೇಳಿದರು. ಗುಂಪುಗಳನ್ನು ವಿಂಗಡಿಸಿದುದು ಯಾರ ಮನೆಯಲ್ಲಿ ಎಂತಹ ಫೋನು ಇದೆ, ಯಾರಲ್ಲಿ ಏನೂ ಇಲ್ಲ ಎಂಬುದರ ಮೇಲೆ. ಆಗಸ್ಟಿನಲ್ಲಿ ಆರಂಭವಾದ ಆ ಯೋಜನೆಯನ್ನು ಅಕ್ಟೋಬರಿನಲ್ಲಿ ನಿಲ್ಲಿಸಿ, 2021ರ ಜನವರಿ 1ರಿಂದ ಶಾಲೆಯ ಆವರಣದೊಳಗೇ ಮರಳಿ ನಡೆಸಲಾಯಿತು.