ತೊಟ್ಟಿಲ ಪಕ್ಕದ ಗೋಡೆ

ಅಕ್ಕ ಬಾಣಂತನಕ್ಕೆ ಬಂದಾಗ ಅವ್ವ ಅಟ್ಟದಿಂದ ಹಳೇ ತೊಟ್ಟಿಲು ಇಳಿಸಿದಳು. ನಾನೂ ಅಕ್ಕನೂ ಮಲಗಿದ್ದ ತೊಟ್ಟಿಲು. ಹಸಿರು, ಹಳದಿ ಎನಾಮಲ್ ಬಣ್ಣ ಅಲ್ಲಲ್ಲಿ ಚಕ್ಕೆಯೆದ್ದಿತ್ತು. ಅಕ್ಕ ಅದನ್ನು ನೋಡಿ, "ಹಳೇ ಪೇಂಟಲ್ಲಿ ಸೀಸ ಇರ್ತದಂತೆ ಕಣೋ. ಮಗು ಬಾಯಿಗೆ ಹಾಕ್ಕಂಡ್ರೆ?" ಎಂದಳು. "ನೀವಿಬ್ರೂ ಇದ್ರಲ್ಲೇ ಮನಿಕ್ಕಂಡು ಬೆಳೀನಿಲ್ವಾ?" ಎಂದಳು ಅವ್ವ. ಓದಿದವನು ನೀನೇ ಹೇಳು ಎಂಬಂತೆ ಇಬ್ಬರೂ ನನ್ನ ಕಡೆ ತಿರುಗಿದರು.

ನಮ್ಮೂರು ಪಾಂಡವಪುರ ತಾಲ್ಲೂಕಿನ ನಾಲೆ ಬಯಲಿನದು. ನನ್ನ ಪಿಎಚ್.ಡಿ. ಅಧ್ಯಯನವೂ ಆ ನಾಲೆಯ ಮೇಲೆಯೇ. ನೀರು, ಕಬ್ಬು, ಭತ್ತದ ಲೆಕ್ಕ ಹುಡುಕಿಕೊಂಡು ಹೋದವನಿಗೆ ಹಳೆಯ ವರದಿಗಳಲ್ಲಿ ಮತ್ತೆ ಮತ್ತೆ ಎದುರಾದದ್ದು ಮಕ್ಕಳ ಹೊಟ್ಟೆ. ಮಲೇರಿಯಾ ಪದೇ ಪದೇ ಬಂದರೆ ಗುಲ್ಮ ಊದಿಕೊಳ್ಳುತ್ತದೆ. ಆ ಕಾಲದ ವೈದ್ಯರು ಊರಿಗೆ ಬಂದು ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಪಕ್ಕೆಯ ಕೆಳಗೆ ಒತ್ತಿ ನೋಡಿ, ಆ ಊರಿನಲ್ಲಿ ರೋಗ ಎಷ್ಟಿದೆಯೆಂದು ಅಳೆಯುತ್ತಿದ್ದರು.

ಈ ಸೀಮೆಗೆ ಜ್ವರ ಹೊಸದೇನಲ್ಲ. 1799ರಲ್ಲಿ ಟಿಪ್ಪು ಮಡಿದ ಮೇಲೆ ಶ್ರೀರಂಗಪಟ್ಟಣದಲ್ಲಿ ಬೀಡುಬಿಟ್ಟ ಇಂಗ್ಲಿಷ್ ಸೈನ್ಯ ಅಲ್ಲಿನ ಜ್ವರಕ್ಕೆ ಬಸವಳಿದು, 1809ರಲ್ಲಿ ಬೆಂಗಳೂರಿನಲ್ಲಿ ದಂಡು ಕಟ್ಟಿಕೊಂಡಿತು. ಸೈನ್ಯ ಹೋಯಿತು, ಊರಿನವರು ಉಳಿದರು. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಯಿತು. 1930ರ ದಶಕದಲ್ಲಿ ಇರ್ವಿನ್ ನಾಲೆ, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆ, ಒಣಭೂಮಿಗೆ ನೀರು ತಂದಿತು. ನೀರಿನ ಜೊತೆಗೇ ಜೌಗು, ನಿಂತ ಗುಂಡಿ, ಸೊಳ್ಳೆ ಬಂದವು. ಅನ್ನ ಕೊಟ್ಟ ನಾಲೆಯೇ ಚಳಿಜ್ವರವನ್ನೂ ಕೊಟ್ಟಿತು.

ಆ ಹೊತ್ತಿಗಾಗಲೇ ಅಮೆರಿಕದ ರಾಕ್‌ಫೆಲರ್ ಫೌಂಡೇಶನ್ ಮೈಸೂರು ಸರ್ಕಾರದೊಂದಿಗೆ ಸೇರಿ ಮಲೇರಿಯಾ ಅಧ್ಯಯನ ಕೇಂದ್ರಗಳನ್ನು ತೆರೆದಿತ್ತು. ಅವುಗಳಲ್ಲೊಂದು ನಾಗೇನಹಳ್ಳಿಯಲ್ಲಿತ್ತು. ಸೊಳ್ಳೆಯ ಮರಿಗಳನ್ನು ಕೊಲ್ಲಲು ಆ ಕಾಲದ ತಜ್ಞರು ಜಗತ್ತಿನೆಲ್ಲೆಡೆ ನೆಚ್ಚಿಕೊಂಡಿದ್ದ ಮದ್ದು ಪ್ಯಾರಿಸ್ ಗ್ರೀನ್. ಕಣ್ಣು ಕೋರೈಸುವ ಹಸಿರು ಪುಡಿ ಅದು. ತಾಮ್ರ ಮತ್ತು ಪಾಷಾಣ ಕೂಡಿದ್ದು. ಧೂಳಿನೊಂದಿಗೆ ಬೆರೆಸಿ ನೀರಿನ ಮೇಲೆ ತೂರುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಯುರೋಪಿನಲ್ಲಿ ಇಂಥವೇ ಪಾಷಾಣದ ಹಸಿರುಗಳನ್ನು ಗೋಡೆ ಕಾಗದಕ್ಕೆ ಬಳಸುತ್ತಿದ್ದರು. ಮಕ್ಕಳ ಕೋಣೆಗೂ ಆ ಕಾಗದ ಅಂಟಿಸುತ್ತಿದ್ದರು. ಅಲ್ಲಿ ಮಕ್ಕಳು ಕಾಯಿಲೆ ಬಿದ್ದಾಗಲೂ ಜನ ಗೋಡೆಯನ್ನು ಅನುಮಾನಿಸಲು ಬಹಳ ಕಾಲ ಹಿಡಿಯಿತು. ಒಂದು ಕಡೆ ಮಗುವಿಗೆ ವಿಷವಾದದ್ದನ್ನೇ ಇನ್ನೊಂದು ಕಡೆ ಮಗುವನ್ನು ಉಳಿಸಲು ಹಿಡಿದರು.

ನನ್ನ ಅಜ್ಜಿಯ ಮೊದಲ ಮಗು ಚಳಿಜ್ವರದಲ್ಲಿ ಹೋಯಿತು. ಆ ಮಗುವಿಗೆ ಇನ್ನೂ ಹೆಸರಿಟ್ಟಿರಲಿಲ್ಲ. ಕೋಣೆಯಲ್ಲಿ ಸಾಂಬ್ರಾಣಿ ಹಾಕಿದ್ದಳು, ಬೇವಿನ ಸೊಪ್ಪಿನ ಹೊಗೆ ಹಾಕಿದ್ದಳು. ಸೊಳ್ಳೆ ಸೋಲಲಿಲ್ಲ. 1953ರಲ್ಲಿ ಭಾರತ ಸರ್ಕಾರ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭಿಸಿತು. ಪಂಪು ಹೊತ್ತವರು ಮನೆಮನೆಗೆ ಬಂದು ಒಳಗೋಡೆಗಳಿಗೆ ಡಿಡಿಟಿ ಹೊಡೆದರು. ರಕ್ತ ಹೀರಿದ ಸೊಳ್ಳೆ ಗೋಡೆಯ ಮೇಲೆ ಕೂತರೆ ಸಾಯಬೇಕು, ಅದೇ ಉಪಾಯ. ಗೋಡೆ ಸಾರಿಸಿದರೆ ಮದ್ದಿನ ಬಲ ಹೋಗುತ್ತದೆಂದು ಅಜ್ಜಿ ಆ ಸಲದ ಹಬ್ಬಕ್ಕೂ ಗೋಡೆ ಮುಟ್ಟಲಿಲ್ಲವಂತೆ. "ಡಿಡಿಟಿಯೋರು ಬಂದ್ಮೇಲೆ ಕಣಪ್ಪ ನಿಮ್ಮಪ್ಪ ಉಳ್ಕಂಡಿದ್ದು" ಎಂದು ಸಾಯುವವರೆಗೂ ಹೇಳುತ್ತಿದ್ದಳು.

ಡಿಡಿಟಿ ಸುಲಭಕ್ಕೆ ಕರಗುವುದಿಲ್ಲ, ಕೊಬ್ಬಿನಲ್ಲಿ ಕೂರುತ್ತದೆ, ಎದೆಹಾಲಿನಲ್ಲೂ ಸಿಕ್ಕಿದೆ ಎಂಬುದನ್ನು ನಾನು ಓದಿದ್ದು ಅಜ್ಜಿ ಹೋದ ಮೇಲೆ. ರೇಚಲ್ ಕಾರ್ಸನ್ ಪುಸ್ತಕ ಬಂದದ್ದು 1962ರಲ್ಲಿ. ಭಾರತ ಬೇಸಾಯದಲ್ಲಿ ಡಿಡಿಟಿ ನಿಷೇಧಿಸಿದ್ದು 1989ರಲ್ಲಿ. ಅಜ್ಜಿ ಇದ್ದಿದ್ದರೂ ಇದನ್ನೆಲ್ಲ ಅವಳಿಗೆ ಹೇಳುತ್ತಿದ್ದೆನೋ ಇಲ್ಲವೋ. ಒಂದು ಮಗುವನ್ನು ಮಣ್ಣು ಮಾಡಿ ಬಂದವಳಿಗೆ ಆ ಗೋಡೆ ವಿಷ ಎನ್ನಲು ನನಗೆ ಬಾಯಿ ಬರುತ್ತಿರಲಿಲ್ಲ.

ಆದರೆ ತೊಟ್ಟಿಲ ಬಣ್ಣದ ಮಾತು ಬೇರೆ. ಅದು ಯಾವ ಸೊಳ್ಳೆಯನ್ನೂ ಓಡಿಸಲಿಲ್ಲ, ಯಾವ ಜ್ವರವನ್ನೂ ತಡೆಯಲಿಲ್ಲ. ಹೊಳಪಿಗಾಗಿ, ಬೇಗ ಒಣಗಲೆಂದು ಪೇಂಟಿಗೆ ಸೀಸ ಸೇರಿಸುತ್ತಿದ್ದರು. ಎಳೆಯ ಮಿದುಳಿಗೆ ಅದು ಮಾಡುವ ಹಾನಿ ತಿಳಿದ ಮೇಲೂ ನಮ್ಮಲ್ಲಿ ಮನೆ ಪೇಂಟಿನ ಸೀಸಕ್ಕೆ ಹತ್ತು ಲಕ್ಷಕ್ಕೆ 90 ಭಾಗದ ಮಿತಿ ಜಾರಿಯಾದದ್ದು 2017ರಲ್ಲಿ. ಇಲ್ಲೇ ರಸ್ತೆಯಲ್ಲಿ ಹೋದರೆ ಸಿಗುವ ಚನ್ನಪಟ್ಟಣದಲ್ಲಿ ಹಾಲೆ ಮರವನ್ನು ಕಡೆದು, ತಿರುಗುವ ಮರಕ್ಕೆ ಅರಗು ಒತ್ತಿ, ಗರಿಯಿಂದ ಉಜ್ಜಿ ಹೊಳಪು ಬರಿಸುವ ಕಸುಬು ತಲೆಮಾರುಗಳಿಂದ ಇದೆ. ಬಣ್ಣಕ್ಕೆ ಅರಿಸಿನದಂಥ ಗಿಡಮೂಲವೇ ಸಾಕಾಗುವ ಕೆಲಸ ಅದು.

ಅವ್ವನಿಗೆ ಇಷ್ಟನ್ನೇ ಹೇಳಿದೆ: ನಾವು ಬೆಳೆದದ್ದು ನಿಜ, ಆದರೆ ನಮ್ಮ ರಕ್ತದಲ್ಲಿ ಎಷ್ಟು ಸೀಸ ಇತ್ತೆಂದು ಆಗ ಯಾರೂ ನೋಡಿರಲಿಲ್ಲ. ಉಜ್ಜಿ ಬಣ್ಣ ತೆಗೆಸೋಣ ಎಂದಳು. ಉಜ್ಜಿದರೆ ಧೂಳೇ ಹೆಚ್ಚು ಅಪಾಯ ಎಂದೆ. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು, ತಾನೇ ತೊಟ್ಟಿಲನ್ನು ಅಟ್ಟಕ್ಕೆ ವಾಪಸು ಕಳಿಸಿದಳು.

ಬಡಗಿಯ ಕೈಲಿ ಬಣ್ಣವಿಲ್ಲದ ಮರದ ತೊಟ್ಟಿಲು ಮಾಡಿಸಿದೆವು. ಒಳಗೆ ಸಮತಟ್ಟಾದ ಹಾಸಿಗೆ, ದಿಂಬಿಲ್ಲ. ಚನ್ನಪಟ್ಟಣದಿಂದ ಯಾವ ಬಣ್ಣವೆಂದು ಕೇಳಿಯೇ ಒಂದು ಗಿಲಕಿ ತಂದೆ. ಅಗ್ಗಿಷ್ಟಿಕೆ, ಸಾಂಬ್ರಾಣಿ ಜಗಲಿಗೆ ಹೋದವು. ಸೊಳ್ಳೆ ಬತ್ತಿ ಬೇಡವೆಂದು ಅಕ್ಕ ಪರದೆ ಕಟ್ಟಿದಳು. ಅದೊಂದಕ್ಕೆ ಅವ್ವ ಏನೂ ಎದುರಾಡಲಿಲ್ಲ. ರಾತ್ರಿ ಮಗು ಮಲಗಿದ ಮೇಲೆ ಎರಡು ಸಲ ಎದ್ದುಬಂದು, ಪರದೆಯ ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸಿದೆಯೇ ಎಂದು ಕೈಯಾಡಿಸಿ ನೋಡಿ ಹೋದಳು.