ಮುರಿಯಬಲ್ಲ ಕೈಮರ

ಕೂಡುದಾರಿಯಲ್ಲಿ ಊರುಗಳ ಹೆಸರು ಹೊತ್ತು ನಿಂತ ಕಂಬವನ್ನು ನಮ್ಮ ಹಿರಿಯರು ಕೈಮರವೆಂದು ಕರೆದರು. ಕೈ ಚಾಚಿದ ಮರ. ಇದಕ್ಕಿಂತ ಒಪ್ಪುವ ಹೆಸರನ್ನು ಯಾವ ಪಂಡಿತನೂ ಕಟ್ಟಿಕೊಡಲಾರ. ಚಿಕ್ಕಮಗಳೂರಿನ ಬಳಿ, ಬಾಬಾಬುಡನ್‌ಗಿರಿಯ ಹಾದಿಯಲ್ಲಿ, ಆ ಹೆಸರಿನ ಊರೇ ಒಂದಿದೆ.

1834ರಲ್ಲಿ ಕೊಡಗು ಕಂಪನಿ ಸರ್ಕಾರದ ವಶವಾದ ತರುವಾಯ ಮಡಿಕೇರಿಯಿಂದ ಸಂಪಾಜೆಯ ಮೂಲಕ ಮಂಗಳೂರಿಗೂ, ವಿರಾಜಪೇಟೆಯಿಂದ ಪೆರುಂಬಾಡಿಯ ಮೂಲಕ ಕಣ್ಣಾನೂರಿಗೂ ಗಾಡಿರಸ್ತೆಗಳಾದವು. ಕೊಡಗಿನ ಮಳೆಗೆ ಮರ ಕೊಳೆಯುತ್ತದೆ. ಉಳಿದದ್ದನ್ನು ಗೆದ್ದಲು ಮುಗಿಸುತ್ತದೆ. ಹೀಗಾಗಿ ದಾರಿ ಹೇಳುವ ಕೆಲಸಕ್ಕೆ ಕಲ್ಲು ಬಂತು, ಕಬ್ಬಿಣ ಬಂತು, ಕೊನೆಗೆ ಕಾಂಕ್ರೀಟೂ ಬಂತು. ಅಲುಗದೆ ನಿಲ್ಲುವುದೇ ಕಂಬದ ಗುಣವೆಂಬ ನಂಬಿಕೆ ಬೇರೂರಿತು. ಗಂಟೆಗೆ 4 ಕಿಲೋಮೀಟರ್ ಸಾಗುವ ಎತ್ತಿನ ಗಾಡಿಯ ಕಾಲಕ್ಕೆ ಅದು ತಕ್ಕ ನಂಬಿಕೆಯೇ ಆಗಿತ್ತು. ಆದರೆ ಅದೇ ತೂಕದ ಮೋಟಾರು 60 ಕಿಲೋಮೀಟರ್ ವೇಗದಲ್ಲಿ ಬಂದರೆ ವೇಗ ಹದಿನೈದು ಪಟ್ಟಾದರೂ ಹೊಡೆತದ ಶಕ್ತಿ 225 ಪಟ್ಟಾಗುತ್ತದೆ. ಕಂಬ ಮಣಿಯದಿದ್ದರೆ ಆ ಶಕ್ತಿಯನ್ನು ತಾಳಬೇಕಾದದ್ದು ವಾಹನ ಮತ್ತು ಅದರೊಳಗಿನ ದೇಹಗಳು.

ಈ ಸರಳ ಸತ್ಯವನ್ನು ಎಂಜಿನಿಯರುಗಳು ಗಂಭೀರವಾಗಿ ಗಮನಿಸಿದ್ದು 1960ರ ದಶಕದಲ್ಲಿ. ದಾರಿ ತಪ್ಪಿದ ಚಾಲಕನಿಗೆ ಮರಣದಂಡನೆ ಏಕೆ ಎಂಬುದು ಅವರ ಪ್ರಶ್ನೆ. ಅಮೆರಿಕದ ಟೆಕ್ಸಾಸಿನಲ್ಲಿ ನಿಜವಾದ ಕಾರುಗಳನ್ನೇ ಕಂಬಗಳಿಗೆ ಗುದ್ದಿಸಿ ನೋಡಿದರು. ಕಂಬದ ಬುಡದಲ್ಲಿ ಎರಡು ಉಕ್ಕಿನ ಫಲಕಗಳು. ಅವನ್ನು ಬಿಗಿಯುವ ಬೋಲ್ಟುಗಳಿಗೆ ದುಂಡು ರಂಧ್ರದ ಬದಲು ಅಂಚಿಗೆ ತೆರೆದ ಸೀಳು. ಗಾಳಿಗೆ ಅದು ಜಗ್ಗದು. ವಾಹನ ಬಡಿದರೆ ಮಾತ್ರ ಬೋಲ್ಟುಗಳು ಸೀಳಿನಿಂದ ಜಾರಿ, ಕಂಬ ಮೇಲಕ್ಕೆ ಚಿಮ್ಮಿ, ಕಾರು ಅದರಡಿ ನುಸುಳಿ ಹೋಗುತ್ತದೆ. ಮರದ ಕಂಬವಾದರೆ ಉಪಾಯ ಇನ್ನೂ ಸುಲಭ: ಬುಡದ ಬಳಿ ಅಡ್ಡಲಾಗಿ ರಂಧ್ರ ಕೊರೆದು ಅದನ್ನು ಬೇಕೆಂದೇ ದುರ್ಬಲಗೊಳಿಸುತ್ತಾರೆ. ನಮ್ಮ ಗೆದ್ದಲು ಪುಕ್ಕಟೆಯಾಗಿ ಮಾಡುತ್ತಿದ್ದ ಕೆಲಸ!

ನಮ್ಮಲ್ಲಿ 1934ರಲ್ಲಿ ಹುಟ್ಟಿದ ಇಂಡಿಯನ್ ರೋಡ್ಸ್ ಕಾಂಗ್ರೆಸ್ 1977ರಲ್ಲಿ ರಸ್ತೆ ಫಲಕಗಳಿಗೊಂದು ಸಂಹಿತೆಯನ್ನು ಕೊಟ್ಟಿತು. ಆದರೂ ಫಲಕದ ಮೇಲಿನ ಅಕ್ಷರಕ್ಕೆ ಸಂದ ಗಮನ ಅದರ ಬುಡಕ್ಕೆ ಇನ್ನೂ ಸಲ್ಲಬೇಕಾಗಿದೆ.

ರಸ್ತೆಯ ನಡುವಿನ ಗಟ್ಟಿ ಕಟ್ಟಡ ಎಂಥದೆಂಬುದನ್ನು ಮಡಿಕೇರಿ 2023ರ ಆಗಸ್ಟಿನಲ್ಲಿ ಕಂಡಿತು. ಸರ್ಕಾರಿ ಬಸ್ಸೊಂದು ವೃತ್ತದ ಪೀಠಕ್ಕೆ ಬಡಿದು ಜನರಲ್ ತಿಮ್ಮಯ್ಯನವರ ಪ್ರತಿಮೆ ನೆಲಕ್ಕುರುಳಿತು. ಪ್ರತಿಮೆ ಕೈಮರವಲ್ಲ, ಅದನ್ನು ಮುರಿಯುವಂತೆ ಕಟ್ಟಿರೆಂದು ಯಾರೂ ಹೇಳರು. ಬಡಿಯುವ ವಾಹನಕ್ಕೆ ಮಾತ್ರ ಈ ಭೇದ ತಿಳಿಯದು.

ಹಾಗೆಂದು ಟೆಕ್ಸಾಸಿನ ಬಯಲಿನ ಪಾಠವನ್ನು ಕೊಡಗಿಗೆ ಇದ್ದಂತೆಯೇ ಒಪ್ಪಿಸುವುದು ಸರಿಯೆಂದು ನನಗೆ ತೋರದು. ಬಸ್ ನಿಲ್ದಾಣದಲ್ಲಿ, ಸಂತೆಯ ಬೀದಿಯಲ್ಲಿ ಕಳಚಿ ಹಾರಿದ ಕಂಬ ಕಾಲ್ನಡೆಯವರ ಮೇಲೆ ಬಿದ್ದೀತು. ಸಂಪಾಜೆ ಘಟ್ಟದ ತಿರುವಿನಲ್ಲಂತೂ ಕಂಬ ದಾರಿ ಬಿಟ್ಟರೆ ಮುಂದಿರುವುದು ಕಮರಿ. ಅಲ್ಲಿ ವಾಹನವನ್ನು ತಡೆಯಬೇಕಾದದ್ದು ಅಂಚಿನ ಗಟ್ಟಿ ತಡೆಬೇಲಿ. ಕೈಮರದ ಜಾಗ ಆ ಬೇಲಿಯ ಹಿಂದೆ.